ಹೊಳೆಗುಂಟ ಲಂಡನ್



ಹೋದ ವರ್ಷ ಜುಲೈ ತಿಂಗಳ ಒಂದು ಬುಧವಾರ ಮುಂಜಾನೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳು ಕೂಡಿ ಲಂಡನ್ನಿನ ಒಂದು ಓಣಿಯಲ್ಲಿ ಬಗ್ಗಿ ನಿಂತು, ರಸ್ತೆಯಲ್ಲಿದ್ದ ಕಬ್ಬಿಣದ ಜಾಲರಿಗೆ ಕಿವಿ ಕೊಟ್ಟಿದ್ದವು. ಗೋಕಾಕ ಅಂದರೆ ನಾನು. ಹುಕ್ಕೇರಿ ಅಂದರೆ ನಮ್ಮ ಮನೆಯಾಕೆ. ಅದು ಅವಳ ತವರು. ಮೂಡಲಗಿ ಅಂದರೆ ನಮ್ಮ ಬೀಗರು, ಮಗಳ ಮಾವನವರು. ಎದುರಿಗೆ ಒಂದು ಪಬ್ಬು, ಇನ್ನೂ ಬಾಗಿಲು ತೆಗೆದಿರಲಿಲ್ಲ. ನಾಯಿ ಹಿಡಿದುಕೊಂಡು ಹೊರಟಿದ್ದ ಹುಡುಗಿಯೊಬ್ಬಳು ನಮ್ಮನ್ನು ನೋಡಿ ನಿಂತು, ಏನಾದರೂ ಬಿತ್ತೇ ಎಂದು ಕೇಳಿದಳು. ಬಿದ್ದದ್ದು ಏನೂ ಇರಲಿಲ್ಲ. ಜಾಲರಿಯ ಕೆಳಗೆ ಒಂದು ಹೊಳೆ ಹರಿಯುತ್ತಿತ್ತು. ಅದರ ಸಪ್ಪಳ ಕೇಳುತ್ತಿದ್ದೆವು.

ಮಗಳು, ಅಳಿಯ ಇರುವುದು ರೀಡಿಂಗ್ ಎಂಬ ಊರಿನಲ್ಲಿ. ಅಲ್ಲಿಂದ ಲಂಡನ್ನಿಗೆ ರೈಲಿನಲ್ಲಿ ತಾಸಿನ ದಾರಿ. ಅವರಿಬ್ಬರಿಗೂ ರಜೆ ಇರಲಿಲ್ಲ. "ನೀವ ಮೂರೂ ಮಂದಿ ಹೋಗಿ ಬರ್ರಿ, ಹಾದಿ ತಪ್ಪಿದ್ರ ಫೋನ್ ಮಾಡ್ರಿ" ಎಂದು ಮಗಳು ಒಂದು ಪಟ್ಟಿ ಬರೆದು ಕೊಟ್ಟಳು. ಅರಮನೆ, ಕೋಟೆ, ಮ್ಯೂಸಿಯಂ, ಜಾತ್ರೆಯ ತೊಟ್ಟಿಲಿನಂಥ ದೊಡ್ಡ ಚಕ್ರ, ಹೀಗೆ ಎಂಟು ಜಾಗ. ಒಂದು ದಿನದಲ್ಲಿ ಎಂಟು ಜಾಗ ನೋಡುವುದೆಂದರೆ ಲಗ್ನದ ಸುಗ್ಗಿಯಲ್ಲಿ ಒಂದೇ ದಿನ ಎಂಟು ಮದುವೆಗೆ ಹೋದ ಹಾಗೆ. ಎಲ್ಲ ಕಡೆ ಅಕ್ಕಿಕಾಳು ಒಗೆಯುವುದಾಗುತ್ತದೆ, ಊಟ ಎಲ್ಲಿಯೂ ಆಗುವುದಿಲ್ಲ.

ಬೀಗರು ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಈ ಊರಾಗ ಹೊಳಿ ಎಲ್ಲಿ ಹರಿತೈತಿ?"

ಅವರದು ಘಟಪ್ರಭಾ ಎಡದಂಡೆ ಕಾಲುವೆಯ ಕೆಳಗಿನ ಹೊಲ. ಧೂಪದಾಳದಲ್ಲಿ ಹೊಳೆಗೆ ಅಡ್ಡ ಕಟ್ಟಿದ ಒಡ್ಡು 1897ರಿಂದಲೂ ನಿಂತಿದೆ. ಅಲ್ಲಿಂದ ಹೊರಟ ನೀರು ತಮ್ಮ ಹೊಲಕ್ಕೆ ಯಾವ ದಿನ ಬರುತ್ತದೆ, ಯಾವ ದಿನ ಬರುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಅವರ ಅರವತ್ತೆಂಟು ವರ್ಷ ಕಳೆದಿವೆ. ಯಾವ ಊರಿಗೆ ಹೋದರೂ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿಯೇ ಚಹಾ ಕುಡಿಯುವುದು. ನಾನು ಮೂವತ್ತು ವರ್ಷ ಭೂಗೋಳ ಕಲಿಸಿದ ಮಾಸ್ತರ. ನಕಾಶೆ ಕೈಯಲ್ಲಿದ್ದರೆ ನನಗೂ ಧೈರ್ಯ. ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೇ ಬಿಟ್ಟು, ಹೊಳೆಗುಂಟ ನಡೆಯೋಣ ಎಂದು ಹೊರಟೆವು. ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕರದಂಟು.

ರೈಲು ಇಳಿದದ್ದು ಫ್ಯಾರಿಂಗ್ಡನ್ ಸ್ಟೇಷನ್ನಿನಲ್ಲಿ. ಜಗತ್ತಿನಲ್ಲಿ ಮೊದಲ ಸಲ ನೆಲದ ಕೆಳಗೆ ರೈಲು ಓಡಿದ್ದು 1863ರ ಜನವರಿಯಲ್ಲಿ, ಪ್ಯಾಡಿಂಗ್ಟನ್ನಿನಿಂದ ಇದೇ ಫ್ಯಾರಿಂಗ್ಡನ್ನಿಗೆ. ಉಗಿಬಂಡಿ, ಸುರಂಗದ ತುಂಬ ಹೊಗೆ. ಆದರೆ ನಮ್ಮನ್ನು ಅಲ್ಲಿಗೆ ಎಳೆದದ್ದು ರೈಲಲ್ಲ. ಉತ್ತರದ ದಿನ್ನೆಯಲ್ಲಿ ಹುಟ್ಟಿ ಥೇಮ್ಸ್ ನದಿಯನ್ನು ಕೂಡುವ ಫ್ಲೀಟ್ ಎಂಬ ಒಂದು ಹೊಳೆ ಆ ಭಾಗದಲ್ಲಿತ್ತು. ಒಂದು ಕಾಲಕ್ಕೆ ಅದರಲ್ಲಿ ದೋಣಿ ಆಡುತ್ತಿದ್ದವು. ಊರು ಬೆಳೆಯಿತು, ಕಸಾಯಿಖಾನೆಯ ಹೊಲಸು, ಮನೆಮನೆಯ ಹೊಲಸು ಎಲ್ಲ ಅದರ ಪಾಲಾಯಿತು, ನಾತ ತಡೆಯಲಾರದೆ ಹದಿನೆಂಟನೆಯ ಶತಮಾನದಲ್ಲಿ ಸ್ವಲ್ಪಸ್ವಲ್ಪವಾಗಿ ಮುಚ್ಚಿದರು. ಈಗ ಮೇಲೆ ಫ್ಯಾರಿಂಗ್ಡನ್ ರಸ್ತೆ, ಕೆಳಗೆ ಹೊಳೆ. ರೇ ಸ್ಟ್ರೀಟ್ ಎಂಬ ಓಣಿಯಲ್ಲಿ, ಆ ಪಬ್ಬಿನ ಮುಂದಿನ ಜಾಲರಿಯ ಹತ್ತಿರ ಬಗ್ಗಿದರೆ ಮಾತ್ರ ಅದು ಬದುಕಿದೆ ಎಂದು ಗೊತ್ತಾಗುತ್ತದೆ.

"ಹಳ್ಳ ಮುಚ್ಚಿ ಪ್ಲಾಟ್ ಹಾಕೋದು ಇವರ ಕಡಿಂದನ ಕಲ್ತೀವಿ ಹಂಗಾರ" ಎಂದರು ಬೀಗರು.

ಫ್ಲೀಟ್ ಎಂಬ ಹೆಸರು ನನಗೆ ಹೊಸದಲ್ಲ. ಅದೇ ಹೆಸರಿನ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಅಧಿಕಾರಿ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಸೀಮೆಯಲ್ಲಿದ್ದು ಕನ್ನಡ ಕಲಿತು, ಶಾಸನ ಓದಿ, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡು ಅಚ್ಚು ಹಾಕಿಸಿದವನು. ಸರಕಾರದ ನೌಕರಿಯಲ್ಲಿದ್ದುಕೊಂಡು, ಅದೇ ಸರಕಾರ ಗಲ್ಲಿಗೇರಿಸಿದವನ ಹಾಡನ್ನು ಉಳಿಸಿದ. ಆ ಮನುಷ್ಯನಿಗೂ ಈ ಗಟಾರಕ್ಕೂ ಹೆಸರು ಬಿಟ್ಟರೆ ಬೇರೆ ಸಂಬಂಧವಿಲ್ಲ. ಆದರೂ ಜಾಲರಿಯ ಮುಂದೆ ಅವನ ನೆನಪಾಯಿತು ಎಂದು ಹೇಳದೆ ಹೋದರೆ ಮಾಸ್ತರಿಕೆಗೆ ಅವಮಾನ.

ಮುಚ್ಚಿದ ಹೊಳೆಯ ಮೇಲೆಯೇ ದಕ್ಷಿಣಕ್ಕೆ ನಡೆದು, ಎಡಕ್ಕೆ ಒಂದು ಸಣ್ಣ ಏರು ಹತ್ತಿದರೆ ಸೇಂಟ್ ಪಾಲ್ಸ್ ಚರ್ಚು. ಬಾಗಿಲಲ್ಲಿ ಒಬ್ಬರಿಗೆ ಇಪ್ಪತ್ತು ಪೌಂಡಿನ ಮೇಲೆ ಟಿಕೀಟು. ಬೀಗರು ಮನಸ್ಸಿನಲ್ಲೇ ಗುಣಿಸಿದರು. "ಹತ್ತಿರ ಹತ್ತಿರ ಒಂದ್ ಟನ್ ಕಬ್ಬಿನ ರೊಕ್ಕ! ಮೂರು ಟನ್ ಕಬ್ಬು ಕಡದು ಒಳಗ ಹೋಗಬೇಕೇನ್ರಿ ಮಾಸ್ತರ?" ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಕತ್ತೆತ್ತಿ ಗುಮ್ಮಟ ನೋಡಿದೆವು.

ನಮ್ಮಾಕೆ ಬೆಳೆದದ್ದು ಗುಮ್ಮಟಗಳ ನೆರಳಿನಲ್ಲಿ. ಹುಕ್ಕೇರಿಯಲ್ಲಿ ಹದಿನಾರನೆಯ ಶತಮಾನದ ಆದಿಲಶಾಹಿ ಗುಮ್ಮಟಗಳಿವೆ. ಆ ಊರಿನ ಹೂವು ವಿಜಾಪುರದ ದರ್ಬಾರಿಗೆ ಹೋಗುತ್ತಿತ್ತು, ಹೂವಿನ ಕೇರಿಯೇ ಹುಕ್ಕೇರಿ ಆಯಿತು ಎಂದು ಅವರ ಕಡೆಯವರು ಹೇಳುತ್ತಾರೆ. ಈ ಗುಮ್ಮಟ ಎಷ್ಟು ಹಳೆಯದು ಎಂದು ಕೇಳಿದಳು. 1666ರಲ್ಲಿ ಲಂಡನ್ ನಾಲ್ಕು ದಿನ ಹೊತ್ತಿ ಉರಿಯಿತು, ಆಗ ಹಳೆಯ ಚರ್ಚೂ ಸುಟ್ಟುಹೋಯಿತು, ಕ್ರಿಸ್ಟೋಫರ್ ರೆನ್ ಎಂಬವನು 1675ರಲ್ಲಿ ಶುರುಮಾಡಿ 1710ರ ಸುಮಾರಿಗೆ ಇದನ್ನು ಮುಗಿಸಿದ ಎಂದೆ. ಅವಳು ಬೆರಳು ಮಡಚಿದಳು. "ಗೋಲಗುಮ್ಮಟ?" 1656. "ಅಂದ್ರ ಈ ಊರು ಸುಡೂದಕ್ಕ ಹತ್ತು ವರ್ಷ ಮೊದಲ ನಮ್ದು ಮುಗದಿತ್ತು" ಎಂದು ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಪಾಲಿಗೆ ಸೇಂಟ್ ಪಾಲ್ಸ್ ನೋಡಿ ಆಯಿತು. ಪಿಸುಮಾತು ಕೇಳಿಸುವ ಗ್ಯಾಲರಿ ಇದರಲ್ಲಿಯೂ ಉಂಟು ಎಂದು ನಾನು ಹೇಳಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಚರ್ಚಿನ ದಕ್ಷಿಣದ ಮೆಟ್ಟಿಲು ಇಳಿದರೆ ನೆಟ್ಟಗೆ ಥೇಮ್ಸ್ ಹೊಳೆ. ಅದರ ಮೇಲೆ ನಡೆಯುವವರಿಗಾಗಿ ಕಟ್ಟಿದ ತೆಳ್ಳನೆಯ ಉಕ್ಕಿನ ತೂಗುಸೇತುವೆ, ಮಿಲೇನಿಯಂ ಬ್ರಿಜ್. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಕ್ಷಮಿಸಬೇಕು. ತೂಗುಸೇತುವೆ ನನ್ನ ಮನೆತನದ ವಿಷಯ.

ನಮ್ಮ ತಂದೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಫಿಟರ್ ಆಗಿದ್ದರು. 1885ರಲ್ಲಿ ಕಂಪನಿ ಹುಟ್ಟಿ, 1887ರ ಹೊತ್ತಿಗೆ ಧುಮುಕುವ ನೀರಿನ ಬಲದ ಮೇಲೆ ನೂಲು ತೆಗೆಯಲು ಶುರುಮಾಡಿದ ಗಿರಣಿ ಅದು. ಭೋಂಗಾ ಕೂಗಿದರೆ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಕೆಲಸವಿರಲಿಲ್ಲ. ಗಿರಣಿಯ ಹತ್ತಿರ ಹೊಳೆಗೆ ಅಡ್ಡಲಾಗಿ 201 ಮೀಟರ್ ಉದ್ದದ ತೂಗುಸೇತುವೆ, ಕೆಳಗೆ 14 ಮೀಟರ್ ಆಳದಲ್ಲಿ ಬಂಡೆ. ಒಂದು ಹೆಜ್ಜೆ ಆಚೆ ಘಟಪ್ರಭೆ 52 ಮೀಟರ್ ಕೆಳಕ್ಕೆ ಬೀಳುತ್ತಾಳೆ. ಜುಲೈ ತಿಂಗಳಲ್ಲಿ ನೀರು ಕೆಂಪು ರಾಡಿಯಾಗಿ, ಸಪ್ಪಳಕ್ಕೆ ಎದೆಗೂಡು ನಡುಗುತ್ತದೆ. ನಾವು ಸಾಲಿಯ ಹುಡುಗರು ಹತ್ತಿಪ್ಪತ್ತು ಮಂದಿ ಕೂಡಿ "ಒಂದು, ಎರಡು" ಎನ್ನುತ್ತ ಪರೇಡಿನ ಹಾಗೆ ಸೇತುವೆಯ ಮೇಲೆ ನಡೆದರೆ ಅದು ತೊಟ್ಟಿಲಾಗುತ್ತಿತ್ತು. ಒಂದು ದಿನ ತಂದೆ ದಂಡೆಯ ಮೇಲೆ ನಿಂತು ನೋಡಿದರು. ಹೊಡೆಯಲಿಲ್ಲ. ಎಲ್ಲರನ್ನೂ ಕರೆದು, "ಹೆಜ್ಜಿ ಕೂಡಿಸಬ್ಯಾಡ್ರಿ. ಒಬ್ಬೊಬ್ಬ ತನ್ನ ತನ್ನ ನಡಗಿ ನಡೀರಿ" ಎಂದರು.

ಮಿಲೇನಿಯಂ ಬ್ರಿಜ್ಜನ್ನು ಜನರಿಗೆ ಬಿಟ್ಟದ್ದು 2000ದ ಜೂನ್ 10ರಂದು. ಮೊದಲ ದಿನವೇ ಸಾವಿರಾರು ಜನ ಏರಿದರು. ಸೇತುವೆ ಅಡ್ಡಡ್ಡ ತೂಗಾಡಲು ಹತ್ತಿತು. ಎರಡೇ ದಿನಕ್ಕೆ ಬಾಗಿಲು ಹಾಕಿದರು. ಇಂಜಿನಿಯರರು ಲೆಕ್ಕ ತಪ್ಪಿದ್ದು ಎಲ್ಲಿ ಎಂದರೆ, ಮನುಷ್ಯನ ಕಾಲಿನಲ್ಲಿ. ಸೇತುವೆ ಒಂದಿಷ್ಟು ಪಕ್ಕಕ್ಕೆ ಸರಿದ ಕೂಡಲೆ ಮೇಲಿದ್ದವರು ಬೀಳದಂತೆ ಕಾಲು ಅಗಲಿಸಿ, ಆ ತೂಗಾಟದ ತಾಳಕ್ಕೇ ಹೆಜ್ಜೆ ಇಡುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಎಲ್ಲರ ಹೆಜ್ಜೆಯೂ ಕೂಡಿಬಿಡುತ್ತದೆ. ಹೆಜ್ಜೆ ಕೂಡಿದಷ್ಟೂ ತೂಗಾಟ ಹೆಚ್ಚು, ತೂಗಾಟ ಹೆಚ್ಚಿದಷ್ಟೂ ಹೆಜ್ಜೆ ಕೂಡುತ್ತದೆ. ಕಡೆಗೆ ಸೇತುವೆಯ ಕೆಳಗೆ ಸುಮಾರು ತೊಂಬತ್ತು ಡ್ಯಾಂಪರ್ ಕೂಡಿಸಿದರು. ಸ್ಕೂಟರಿಗೆ ಶಾಕಪ್ಸರ್ ಇರುತ್ತದಲ್ಲ, ಆ ಜಾತಿಯ ಸಾಮಾನು. 2002ರಲ್ಲಿ ಮತ್ತೆ ತೆರೆದರು. ಈಗ ಅಲುಗುವುದಿಲ್ಲ. ನಡುಮಧ್ಯೆ ನಿಂತು ನಾನು ಬೇಕೆಂದೇ ಎರಡು ಸಲ ಜಿಗಿದು ನೋಡಿದೆ. ಅರವತ್ತಾರರ ಮುದುಕ ಜಿಗಿಯುವುದನ್ನು ನೋಡಿ ಶಾಲೆಯ ಮಕ್ಕಳು ನಕ್ಕರು. ನಮ್ಮಾಕೆ ಹತ್ತು ಮಾರು ಮುಂದೆ ಹೋಗಿ, ಇವರು ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ನಿಂತಳು.

ಸೇತುವೆಯ ಆ ಕಡೆಗೆ ಎತ್ತರದ ಹೊಗೆಕೊಳವೆಯ ಒಂದು ಇಟ್ಟಂಗಿ ಕಟ್ಟಡ. ಹಿಂದೆ ವಿದ್ಯುತ್ ಸ್ಥಾವರ, 1981ರಲ್ಲಿ ಬಂದಾಯಿತು. 2000ದಿಂದ ಟೇಟ್ ಮಾಡರ್ನ್ ಎಂಬ ಚಿತ್ರಶಾಲೆ. ಒಳಗೆ ಪುಕ್ಕಟೆ, ಪಾಯಿಖಾನೆಯೂ ಪುಕ್ಕಟೆ. ಊರು ನೋಡಲು ಹೋಗುವ ವಯಸ್ಸಾದವರು ಎರಡನೆಯದನ್ನು ಬರೆದಿಟ್ಟುಕೊಳ್ಳಬೇಕು. ಟರ್ಬೈನ್ ಇದ್ದ ಹಜಾರ ಖಾಲಿ, ಎತ್ತರ 35 ಮೀಟರ್. ಚಿತ್ರಗಳ ಬಗ್ಗೆ ನಾನೇನೂ ಹೇಳಲಾರೆ. ಬೀಗರು ಮಾತ್ರ, ಇಷ್ಟು ದೊಡ್ಡ ಕರೆಂಟ್ ಕಂಪನಿ ಯಾರದಿತ್ತು ಎಂದು ವಿಚಾರಿಸಿದರು. ನಮ್ಮಾಕೆಗೆ ಮತ್ತೆ ತವರು ನೆನಪಾಯಿತು. ಹುಕ್ಕೇರಿ ತಾಲೂಕಿನಲ್ಲಿ 1969ರಿಂದ ಮನೆಮನೆಗೆ ಕರೆಂಟು ಕೊಡುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅವಳ ಅಪ್ಪ ಅದರ ಶೇರುದಾರ. "ನಮ್ಮಪ್ಪ ಬಿಲ್ ತುಂಬೂ ಮುಂದ ತನ್ನ ಅಂಗಡಿಗೇ ರೊಕ್ಕ ಕೊಟ್ಟಂಗ ಮಾತಾಡ್ತಿದ್ದ" ಎಂದು ಆ ಹಜಾರದಲ್ಲಿ ನಿಂತು ನಕ್ಕಳು.

ಹೊರಗೆ ಬಂದಾಗ ಬೀಗರು ಕಟಾಂಜನ ಹಿಡಿದು ಹೊಳೆಯನ್ನೇ ನೋಡುತ್ತಿದ್ದರು. ಮುಖ ಗಂಭೀರ. "ಮಾಸ್ತರ, ನಾವು ಪೂಲ್ ದಾಟೂ ಮುಂದ ನೀರು ಮೂಡಣಕ್ಕ ಹೊಂಟಿತ್ತು. ಈಗ ಪಡುವಣಕ್ಕ ಹೊಂಟೈತಿ."

ತರಗತಿಯಲ್ಲಿ ನೂರು ಸಲ ಭರತ, ಇಳಿತ ಎಂದು ಬರೆಸಿದ್ದೇನೆ. ಕಣ್ಣಿಂದ ನೋಡಿದ್ದು ಅಂದೇ. ಲಂಡನ್ ಸಮುದ್ರದ ದಂಡೆಯ ಊರಲ್ಲ, ಆದರೂ ಸಮುದ್ರ ದಿನಕ್ಕೆ ಎರಡು ಸಲ ಹೊಳೆಯೊಳಗೆ ನುಗ್ಗಿ ಬರುತ್ತದೆ. ನೀರಿನ ಮಟ್ಟ 7 ಮೀಟರಿನವರೆಗೆ ಏರಿ ಇಳಿಯುತ್ತದೆ. ಎರಡು ಮಾಳಿಗೆಯ ಮನೆ ಮುಳುಗಿ ಮತ್ತೆ ಏಳುವಷ್ಟು. ಇಳಿದಾಗ ದಂಡೆಗುಂಟ ಕಲ್ಲು, ಉಸುಕು, ಇಟ್ಟಂಗಿ ಚೂರುಗಳ ಒಂದು ಹಾಸು ಬಯಲಾಗುತ್ತದೆ. ನಾವು ತಲುಪಿದಾಗ ಅದಿನ್ನೂ ಬಯಲಿತ್ತು, ಭರತ ಆಗಷ್ಟೇ ಹೊರಳಿತ್ತು. ಕೆಳಗೆ ರಬ್ಬರ್ ಬೂಟು ಹಾಕಿದ ಒಬ್ಬ ಹಿರಿಯ ಹೆಂಗಸು ನೆಲ ನೋಡುತ್ತ ನಡೆಯುತ್ತಿದ್ದಳು. ಹೊಳೆ ಹೊರಹಾಕಿದ ಹಳೆಯ ಸಾಮಾನು ಆಯುವವಳು. ಅದಕ್ಕೆ ಬಂದರಿನ ಆಡಳಿತದಿಂದ ಪರವಾನಗಿ ಬೇಕು. ಮೆಟ್ಟಿಲು ಹತ್ತಿ ಬಂದವಳ ಮುಂದೆ ಬೀಗರು ನಮಸ್ಕಾರ ಮಾಡಿ ನಿಂತರು. ಅವಳು ಮುಷ್ಟಿ ಬಿಚ್ಚಿದಳು. ಕಿರುಬೆರಳಿಗಿಂತ ತೆಳ್ಳಗಿನ, ಎರಡಂಗುಲ ಉದ್ದದ, ಬಿಳಿ ಮಣ್ಣಿನ ಒಂದು ಕೊಳವೆ ತುಂಡು. ನಡುವೆ ಸೂಜಿ ಹೋಗುವಷ್ಟು ತೂತು.

ಬೀಗರು ಅದನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ನೋಡಿದರು, ಮೂಗಿಗೆ ಹಿಡಿದು ಮೂಸಿದರು. ಆಮೇಲೆ ಎರಡೂ ಕೈ ಬಾಯಿಗೆ ಒಯ್ದು ಜೋರಾಗಿ ಉಸಿರು ಎಳೆದು ತೋರಿಸಿದರು. "ಚಿಲಿಮಿ!" ಹೆಂಗಸು ಬಿದ್ದು ಬಿದ್ದು ನಕ್ಕಳು. ಹೌದು, ತಂಬಾಕಿನ ಚಿಲುಮೆಯೇ. ಮುನ್ನೂರು ವರ್ಷ ಲಂಡನ್ನಿನ ಅಂಬಿಗರೂ ಹಮಾಲರೂ ಸೇದಿ, ಮುರಿದದ್ದನ್ನು ಹೊಳೆಗೆ ಒಗೆದದ್ದು. ನಿಪ್ಪಾಣಿ ತಂಬಾಕಿನ ಸೀಮೆಯಿಂದ ಬಂದವರಿಗೆ ಗುರುತು ಹಿಡಿಯಲು ಇಂಗ್ಲಿಷ್ ಬೇಕಾಗಲಿಲ್ಲ. ಅವಳು ಆ ತುಂಡನ್ನು ಬೀಗರಿಗೇ ಕೊಡಹೋದಳು, ಇವರು ಒಲ್ಲೆ ಎಂದು ಅವಳ ಕೈಗೇ ಹಾಕಿ, ಮೇಲೆ ಎರಡು ತುಂಡು ಕರದಂಟು ಇಟ್ಟರು. ಅಂಟು, ಬೆಲ್ಲ, ಗೋಡಂಬಿ, ಕೊಬ್ಬರಿ ಎಂದು ನಾನು ಒಂದೊಂದೇ ಹೇಳುವಷ್ಟರಲ್ಲಿ ಅವಳು ಒಂದನ್ನು ಬಾಯಿಗೆ ಹಾಕಿಕೊಂಡಾಗಿತ್ತು.

ಅಲ್ಲೇ ಬೆಂಚಿನ ಮೇಲೆ ಚಪಾತಿ ತಿಂದೆವು. ಮುಂದಿನ ಒಂದೂವರೆ ಮೈಲಿ ಸಂತೆಯಂಥ ದಾರಿ. ಹಾಡುವವರು, ಗೊಂಬೆ ಆಡಿಸುವವರು, ಆ ದೊಡ್ಡ ಚಕ್ರ. ಬೇಗ ಬೇಗ ದಾಟಿದೆವು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕೆಳಗೆ ಹಾದು, ಹೊಳೆಯ ಆ ದಂಡೆಗೆ ಪಾರ್ಲಿಮೆಂಟು ಕಾಣುವ ಕಡೆ ಬಂದಾಗ ಬಲಕ್ಕೆ ಹೊಳೆ, ಎಡಕ್ಕೆ ಒಂದು ಉದ್ದನೆಯ ಗೋಡೆ. ಅರ್ಧ ಕಿಲೋಮೀಟರು ಗೋಡೆಯ ತುಂಬ ಕೈಯಿಂದ ಬಿಡಿಸಿದ ಕೆಂಪು ಹೃದಯದ ಚಿತ್ರ. ಕೊರೋನಾದಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೆ ಒಂದು. ಮನೆಯವರನ್ನು ಕಳೆದುಕೊಂಡವರು 2021ರ ಮಾರ್ಚಿನಲ್ಲಿ ಶುರುಮಾಡಿದ್ದು, ಎರಡು ಲಕ್ಷ ದಾಟಿದೆ. ಕೆಲವುದರ ಒಳಗೆ ಹೆಸರು, ತಾರೀಖು. ಬಣ್ಣ ಮಾಸಿದಂತೆಲ್ಲ ಸ್ವಯಂಸೇವಕರು ಬಂದು ಮತ್ತೆ ತುಂಬುತ್ತಾರೆ.

ಬೀಗರ ಅಣ್ಣ ಹೋದದ್ದು ಅದೇ 2021ರ ಮೇ ತಿಂಗಳಲ್ಲಿ. ಹೆಣವನ್ನು ಮನೆಗೆ ತರಲು ಬಿಟ್ಟಿರಲಿಲ್ಲ. ಹೊಲದಲ್ಲಿ ಮಣ್ಣು ಮಾಡುವಾಗ ಬೀಗರು ದೂರ, ಬದುವಿನ ಮೇಲೆ ನಿಂತಿದ್ದರಂತೆ. ಇದನ್ನು ಅವರು ನನಗೆ ಮೊದಲು ಎಂದೂ ಹೇಳಿರಲಿಲ್ಲ, ಅಂದೂ ಅಷ್ಟೇ ಹೇಳಿದರು. ಹೆಸರಿಲ್ಲದ ಒಂದು ಹೃದಯದ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟು ನಿಂತು, ಮುಂದೆ ನಡೆದರು. ಲ್ಯಾಂಬೆತ್ ಸೇತುವೆಯವರೆಗೆ ಮೂವರೂ ಮಾತಾಡಲಿಲ್ಲ.

ಆ ಸೇತುವೆಯನ್ನು ಬದಿಗೆ ಬಿಟ್ಟು ಇದೇ ದಂಡೆಗುಂಟ ಮುಂದೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಹೊಳೆಗೆ ಕಟ್ಟಿದ ಕಲ್ಲಿನ ದಂಡೆ. ಥೇಮ್ಸಿಗೂ ಒಂದು ಕಾಲದಲ್ಲಿ ಫ್ಲೀಟಿನ ಗತಿಯೇ ಬಂದಿತ್ತು. ಇಡೀ ಊರಿನ ಹೊಲಸು ಅದಕ್ಕೆ ಬೀಳುತ್ತಿತ್ತು, ಅದೇ ನೀರನ್ನು ಜನ ಕುಡಿಯುತ್ತಿದ್ದರು, ಕಾಲರಾದಲ್ಲಿ ಸಾವಿರಗಟ್ಟಲೆ ಸಾಯುತ್ತಿದ್ದರು. ಬಡವರು ಸಾಯುವವರೆಗೆ ಪಾರ್ಲಿಮೆಂಟಿಗೆ ಅವಸರವಿರಲಿಲ್ಲ. 1858ರ ಬೇಸಿಗೆಯಲ್ಲಿ ನಾತ ಪಾರ್ಲಿಮೆಂಟಿನ ಕಿಟಕಿಯೊಳಗೇ ಬಂತು. ಪರದೆಗಳನ್ನು ಬ್ಲೀಚಿಂಗ್ ಸುಣ್ಣದ ನೀರಿನಲ್ಲಿ ಅದ್ದಿ ತೂಗುಹಾಕಿದರು, ತಡೆಯಲಿಲ್ಲ. ಹದಿನೆಂಟು ದಿನದಲ್ಲಿ ಕಾಯ್ದೆ ಪಾಸಾಯಿತು! ಜೋಸೆಫ್ ಬ್ಯಾಜಲ್ಜೆಟ್ ಎಂಬ ಇಂಜಿನಿಯರ್ ಊರ ಕೆಳಗೆ ದೊಡ್ಡ ಇಟ್ಟಂಗಿ ಗಟಾರಗಳನ್ನು ಕಟ್ಟಿ ಹೊಲಸನ್ನು ಊರಾಚೆ ಸಾಗಿಸಿದ. ಆಚೆ ದಂಡೆಯ ಗೋಡೆಯ ಹೊಟ್ಟೆಯಲ್ಲಿ ಅಂಥ ಗಟಾರವಿದೆ. ನಾವು ನಿಂತ ಈ ಆಲ್ಬರ್ಟ್ ದಂಡೆಯನ್ನು 1866ರಿಂದ ಮೂರು ವರ್ಷದಲ್ಲಿ ಕಟ್ಟಿದ್ದು ಬೇರೆ ಕಾರಣಕ್ಕೆ. ತಗ್ಗಿನಲ್ಲಿದ್ದ ಲ್ಯಾಂಬೆತ್ ಬಡಾವಣೆಯೊಳಗೆ ಹೊಳೆ ನುಗ್ಗಬಾರದೆಂದು.

ಈ ದಂಡೆಯ ಮೇಲೆ, ಗಿಡಗಳ ನೆರಳಿನಲ್ಲಿ, ಬಸವಣ್ಣನವರು ಇದ್ದಾರೆ.

ನಿಮ್ಮಲ್ಲಿ ಹಲವರು ಪೇಪರಿನಲ್ಲಿ ನೋಡಿರುತ್ತೀರಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಮೂರ್ತಿ. ಕಲಬುರಗಿಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾಕ್ಟರ್ ನೀರಜ್ ಪಾಟೀಲರು ಮುಂದೆ ನಿಂತು ಆಗಮಾಡಿದ ಕೆಲಸ. ಲಂಡನ್ನಿನಲ್ಲಿ ಬಯಲಲ್ಲಿ ಒಂದು ಮೂರ್ತಿ ನಿಲ್ಲಿಸಬೇಕೆಂದರೆ 1854ರ ಒಂದು ಕಾಯ್ದೆಯಿಂದ ಹಿಡಿದು ಹಲವು ಬಾಗಿಲು ತಟ್ಟಬೇಕು. ಕಟ್ಟಿದ ಗುಡಿಯನ್ನು ಅಷ್ಟಾಗಿ ನಂಬದವರಿಗೆ ಕಟ್ಟಿದ ಮೂರ್ತಿ ಎಷ್ಟು ಒಪ್ಪುತ್ತದೆ ಎಂದು ಮನೆಯಲ್ಲಿ ಕೂತು ವಾದ ಮಾಡುವವನು ನಾನು. ಅಲ್ಲಿ ವಾದ ನೆನಪಾಗಲಿಲ್ಲ. ಬೀಗರು ಬೂಟು ಬಿಚ್ಚಿ, ಜೇಬಿನ ವಿಭೂತಿ ತೆಗೆದು ಹಚ್ಚಿಕೊಂಡು ಕೈ ಮುಗಿದರು. ನಮ್ಮಾಕೆ ಕರದಂಟಿನ ಡಬ್ಬಿಯ ಮುಚ್ಚಳ ತೆಗೆದು ಪೀಠದ ಮುಂದೆ ಹಿಡಿದು, ಅಲ್ಲಿ ಏನೂ ಇಡಬಾರದೇನೋ ಎಂಬ ಅಂಜಿಕೆಯಲ್ಲಿ, ಪ್ರಸಾದವೆಂದು ನಮಗೇ ಹಂಚಿದಳು. ಓಡುತ್ತ ಬಂದ ಹುಡುಗನೊಬ್ಬ ನಿಂತು ನೀರು ಕುಡಿದ. ಅವನಿಗೂ ಒಂದು ತುಂಡು ಸಿಕ್ಕಿತು.

ಆಗ ಭರತ ಪೂರ್ತಿ ಏರಿತ್ತು. ಮುಂಜಾನೆ ಬಯಲಾಗಿದ್ದ ಹಾಸಿನ ಗುರುತೇ ಇಲ್ಲ. ನೀರು ಗೋಡೆಗೆ ಬಡಿಯುತ್ತಿತ್ತು. ಬೀಗರು ಬಗ್ಗಿ, ಕಲ್ಲಿನ ಮೇಲಿನ ಹಸಿರು ಪಾಚಿಯ ಗೆರೆ ಎಲ್ಲಿಯವರೆಗಿದೆ, ಅದರ ಮೇಲೆ ಒಣಗಿದ ಕಲ್ಲು ಎಷ್ಟು ಗೇಣು ಉಳಿದಿದೆ ಎಂದು ಅಳೆಯಲು ನಿಂತರು. ಈ ಗೋಡೆ ಎಂದಾದರೂ ಸೋತಿದೆಯೇ ಎಂದು ಕೇಳಿದರು. 1928ರ ಜನವರಿಯ ಒಂದು ರಾತ್ರಿ ಎದುರು ದಂಡೆಯ ಗೋಡೆ ಒಡೆಯಿತು, ನೆಲಮನೆಗಳಲ್ಲಿ ಮಲಗಿದ್ದವರೂ ಸೇರಿ ಹದಿನಾಲ್ಕು ಮಂದಿ ಮುಳುಗಿ ಸತ್ತರು ಎಂದೆ. ಈಗ ಕೆಳಗೆ, ಸಮುದ್ರದ ಕಡೆಗೆ, ಹೊಳೆಗೇ ಉಕ್ಕಿನ ಬಾಗಿಲು ಕೂಡಿಸಿದ್ದಾರೆ, 1982ರಿಂದ ಬೇಕಾದಾಗ ಮುಚ್ಚುತ್ತಾರೆ ಎಂದೂ ಹೇಳಿದೆ. ಅವರು ತಲೆಯಾಡಿಸಿದರು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ಬಂದಾಗ ನಮ್ಮ ಮನೆಯ ಪಡಸಾಲೆಯಲ್ಲಿ ನೀರು ನಿಂತ ಗೆರೆ ಈಗಲೂ ಇದೆ. ಸುಣ್ಣ ಹೊಡೆದರೂ ಮಳೆಗಾಲಕ್ಕೆ ಮತ್ತೆ ಮೂಡುತ್ತದೆ. ನನ್ನ ಎದೆಮಟ್ಟಕ್ಕೆ. ಬೀಗರು ಪಾಚಿಯ ಗೆರೆಯಿಂದ ಕಣ್ಣೆತ್ತಿ ನನ್ನ ಎದೆ ನೋಡಿದರು. ಅವರ ಮನಸ್ಸಿನಲ್ಲಿ ಯಾವ ಗೆರೆ ಇತ್ತು ಎಂದು ನನಗೆ ಗೊತ್ತಾಯಿತು.

ತಿರುಗಿ ರೈಲು ಹತ್ತಿದಾಗ ಸಂಜೆ ಏಳು, ಇನ್ನೂ ಬಿಸಿಲು. ನಮ್ಮಾಕೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಬೀಗರು ಮೂಡಲಗಿಗೆ ಫೋನು ಹಚ್ಚಿದರು. ಅಲ್ಲಿ ಆಗ ರಾತ್ರಿ ಹನ್ನೊಂದೂವರೆ. ಮಲಗಿದ್ದ ಹಿರಿಯ ಮಗ ಗಾಬರಿಯಾಗಿ ಎದ್ದು, ಅಪ್ಪಾ ಏನಾತು, ಎಲ್ಲಿ ಅದೀರಿ ಎಂದು ಕೂಗುವುದು ನನಗೂ ಕೇಳಿಸಿತು.

"ಏನೂ ಆಗಿಲ್ಲೋ, ಅಂಜಬ್ಯಾಡ. ಹಿಡಕಲ್ ಡ್ಯಾಮಿಗೆ ಇವತ್ತ ಎಷ್ಟು ಅಡಿ ಬಂತು? ತುಂಬಿ 2175 ಆಗಾಕ ಇನ್ನಾ ಎಷ್ಟು ಬಾಕಿ ಐತಿ, ಅದನ್ನಷ್ಟ ಹೇಳು."